ಪ್ಲೇಟೋ, ಹೆಲಿಕಲ್ಲೋ, ಲಾಕರೋ: ಎರೆಮಣ್ಣಿನ ಊರಿನಲ್ಲಿ ಮೂರು ಡಿಫರೆನ್ಶಿಯಲ್‌ಗಳು

ಎಂಜಿನ್‌ನ ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚಿ, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆಯೇ ಡಿಫರೆನ್ಶಿಯಲ್. ಒಂದು ಚಕ್ರ ಮಾತ್ರ ಸುಮ್ಮನೆ ಜಾರಿ ತಿರುಗುವುದಕ್ಕೆ ಮಿತಿ ಹಾಕುವಂಥದ್ದು ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್, ಚಿಕ್ಕದಾಗಿ ಎಲ್‌ಎಸ್‌ಡಿ. ನನ್ನ ಕಾರಿಗೆ ಹೆಲಿಕಲ್ ಗೇರಿನ ಎಲ್‌ಎಸ್‌ಡಿ ಹಾಕಿಸಿ ಎರಡು ಮಳೆಗಾಲ ಕಳೆದಿವೆ. ಅದನ್ನೇ ಮೊದಲು ಹಾಕಿಸಬೇಕಿತ್ತು. ಅದಕ್ಕೂ ಹಿಂದೆ ಒಂದು ವರ್ಷ ಇದೇ ಕಾರಿನಲ್ಲಿ ಪ್ಲೇಟುಗಳ ಘರ್ಷಣೆಯಿಂದ ಕೆಲಸ ಮಾಡುವ ಎಲ್‌ಎಸ್‌ಡಿ ಇತ್ತು. ಲಾಕರ್, ಅಂದರೆ ಎರಡೂ ಚಕ್ರಗಳನ್ನು ಒಂದಾಗಿ ಬಿಗಿಯುವ ಬೀಗ, ಇರುವ ಕಾಕಾ ಅವರ ಜೀಪನ್ನು ಒಂದಿಡೀ ಮುಂಗಾರು ಓಡಿಸಿದ್ದೇನೆ.

ನನ್ನದು ಹಿಂಚಕ್ರಗಳಿಂದ ಓಡುವ ಹಳೆಯ ಜರ್ಮನ್ ಸೆಡಾನ್: 252 ಅಶ್ವಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಬೇಸಿಗೆಯಲ್ಲಿ ಯಾವ ತೊಂದರೆಯೂ ಇಲ್ಲ. ಮಳೆ ಹಿಡಿದ ಮೇಲೆ ಕಲಬುರಗಿಯ ಸುತ್ತಲಿನ ರಸ್ತೆಗಳೇ ಬೇರೆ. ಟ್ರ್ಯಾಕ್ಟರ್‌ಗಳು ಹೊಲದ ಕರಿ ಎರೆಯನ್ನು ಟೈರಿನಲ್ಲಿ ಹೊತ್ತು ತಂದು ಡಾಂಬರಿನ ಮೇಲೆ ಬಳಿದು ಹೋಗುತ್ತವೆ. ಸೇಡಂ ರಸ್ತೆಯಲ್ಲಿ ಎದುರಿನ ಲಾರಿಗೆ ದಾರಿ ಬಿಡಲು ಎಡಕ್ಕೆ ಸರಿದರೆ, ಒಂದು ಚಕ್ರ ಡಾಂಬರಿನ ಮೇಲೆ, ಇನ್ನೊಂದು ಕೆಸರಿನಲ್ಲಿ. ಸಾದಾ ಡಿಫರೆನ್ಶಿಯಲ್ ಎರಡೂ ಕಡೆಗೆ ಸಮನಾಗಿ ಟಾರ್ಕ್ ಹಂಚುತ್ತದೆ. ಹೀಗಾಗಿ ಕೆಸರಿನ ಚಕ್ರ ತಾಳುವಷ್ಟೇ ಡಾಂಬರಿನ ಚಕ್ರಕ್ಕೂ ಸಿಗುತ್ತದೆ. ಮಿಕ್ಕ ಶಕ್ತಿಯನ್ನು ಎಲೆಕ್ಟ್ರಾನಿಕ್ ನಿಯಂತ್ರಣ ಎಂಜಿನ್‌ನಲ್ಲೇ ಕಡಿತ ಮಾಡುತ್ತದೆ; ಕಾರು ಮುಂದೆ ಹೋಗಬೇಕಾದ ಗಳಿಗೆಯಲ್ಲಿ ಮಂಕಾಗುತ್ತದೆ.

ಪ್ಲೇಟಿನ ಎಲ್‌ಎಸ್‌ಡಿ ಬಳಸಿದ ಮಾಲು, ಅಗ್ಗಕ್ಕೆ ಸಿಕ್ಕಿತು ಎಂದು ಕೊಂಡೆ. ಮೊದಲ ಮೂರು ತಿಂಗಳು ಮನಸ್ಸು ತುಂಬಿತ್ತು. ಆಮೇಲೆ ನಡುಕ ಶುರುವಾಯಿತು. ನಮ್ಮ ಮನೆಯ ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಿಂದಕ್ಕೆ ತೆಗೆಯುವಾಗ ಹಿಂಭಾಗ ಗಡಗಡ ನಡುಗುತ್ತಿತ್ತು. ಒಳಗಿದ್ದ ಅವ್ವ ಹೊರಗೆ ಬಂದು, ಏನು ಮುರಿಯಿತು ಎಂದು ಕೇಳಿದ್ದರು. ರಿಂಗ್ ರಸ್ತೆಯ ವೃತ್ತಗಳಲ್ಲಿ ನಿಧಾನವಾಗಿ ಸುತ್ತುವಾಗಲೂ ಅದೇ ಸದ್ದು.

ಮೆಕ್ಯಾನಿಕ್ ಮೊದಲು ಹಬ್ ಬೇರಿಂಗ್ ಎಂದರು, ಬದಲಿಸಿದೆವು. ಆಮೇಲೆ ಆಕ್ಸಲ್ ಜಾಯಿಂಟ್ ಎಂದರು. ಅದನ್ನೂ ಬಿಚ್ಚಿ ನೋಡಿದೆವು. ನಡುಕ ಹೋಗಲಿಲ್ಲ. ಎರಡು ತಿಂಗಳ ನಂತರ ಹೈದರಾಬಾದಿನಲ್ಲಿ ಒಬ್ಬ ಹಿರಿಯ ಮಿಸ್ತ್ರಿ ಮುಚ್ಚಳ ತೆಗೆದು, ಬೆರಳಿಗೆ ಎಣ್ಣೆ ಹಚ್ಚಿಕೊಂಡು ಮೂಸಿ, ಯಾವ ಗೇರ್ ಆಯಿಲ್ ಹಾಕಿಸಿದಿರಿ ಎಂದು ಕೇಳಿದರು. ಊರಿನಲ್ಲಿ ಸರ್ವಿಸ್ ಆದಾಗ ಸಾಮಾನ್ಯ 80ಡಬ್ಲ್ಯೂ-90 ತುಂಬಿದ್ದರು. ಪ್ಲೇಟುಗಳು ಒಂದರ ಮೇಲೊಂದು ನಯವಾಗಿ ಜಾರಲು ಎಣ್ಣೆಯಲ್ಲಿ ಫ್ರಿಕ್ಷನ್ ಮಾಡಿಫಯರ್ ಎಂಬ ಸೇರ್ಪಡೆ ಇರಬೇಕು. ಅದಿಲ್ಲದಿದ್ದರೆ ಪ್ಲೇಟುಗಳು ಅಂಟುತ್ತವೆ, ಬಿಟ್ಟುಕೊಳ್ಳುತ್ತವೆ, ಮತ್ತೆ ಅಂಟುತ್ತವೆ. ನಡುಕ ಎಂದರೆ ಅದೇ.

ಸರಿಯಾದ ಎಣ್ಣೆ ತುಂಬಿಸಿ, ಅದು ಪ್ಲೇಟುಗಳ ನಡುವೆ ಇಳಿಯಲೆಂದು ಖಾಲಿ ಮೈದಾನದಲ್ಲಿ ಎಂಟರ ಆಕಾರದಲ್ಲಿ ಕಾರನ್ನು ನಿಧಾನವಾಗಿ ಸುತ್ತಿಸಿದೆ. ನಡುಕ ಮುಕ್ಕಾಲು ಪಾಲು ನಿಂತಿತು. ಆದರೆ ಅಷ್ಟರಲ್ಲಿ ಪ್ಲೇಟುಗಳ ಮೈ ಸುಟ್ಟು ನುಣುಪಾಗಿತ್ತು, ಬಿಗಿತ ಹೋಗಿತ್ತು. ಆ ಎಣ್ಣೆ ನನಗೆ ಇಲ್ಲಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಪ್ರತಿ ಸಲ 200 ಕಿಲೋಮೀಟರ್‌ಗೂ ಹೆಚ್ಚು ದೂರದಿಂದ ತರಿಸಬೇಕಾಯಿತು. ಅಗ್ಗಕ್ಕೆ ಕೊಂಡದ್ದು ಬೇರಿಂಗ್, ಎಣ್ಣೆ, ಓಡಾಟ ಸೇರಿ ಅಗ್ಗವಾಗಿ ಉಳಿಯಲಿಲ್ಲ.

ಹೆಲಿಕಲ್‌ಗೆ ಸುಂಕ, ಫಿಟ್ಟಿಂಗ್ ಸೇರಿ ಎರಡು ಲಕ್ಷದ ಹತ್ತಿರ ಬಂತು. ಒಳಗೆ ಓರೆ ಹಲ್ಲಿನ ಗೇರುಗಳು ಮಾತ್ರ, ಸವೆಯುವ ಪ್ಲೇಟುಗಳಿಲ್ಲ. ಸಾಮಾನ್ಯ ಗೇರ್ ಆಯಿಲ್ ಸಾಕು, ಸದ್ದಿಲ್ಲ. ಕಟ್ಟಿಸಂಗಾವಿಯ ಭೀಮಾ ಸೇತುವೆ ದಾಟಿ ಜೇವರ್ಗಿಯ ಕಡೆಗೆ ಹೋಗುವಾಗ ಒದ್ದೆ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಹಿಡಿತ ಇರುವ ಚಕ್ರಕ್ಕೆ ಶಕ್ತಿ ಹರಿಯುವುದು ಕೂತಲ್ಲೇ ತಿಳಿಯುತ್ತದೆ. ಇದನ್ನು ಹಾಕಿಸಿದ ಮೇಲೆ ಕಾರನ್ನು ಹೊಸದಾಗಿ ಪ್ರೀತಿಸತೊಡಗಿದೆ.

ಅದಕ್ಕೂ ಒಂದು ಮಿತಿ ಇದೆ. ಜಾರುವ ಚಕ್ರ ತಾಳುವ ಟಾರ್ಕನ್ನು ಗುಣಿಸಿ ಇನ್ನೊಂದಕ್ಕೆ ಕೊಡುವುದು ಇದರ ಕೆಲಸ. ಗುಣಕ ಎರಡೂವರೆ ಎಂದುಕೊಳ್ಳಿ: ಕೆಸರಿನ ಚಕ್ರ 100 ನ್ಯೂಟನ್ ಮೀಟರ್ ತಾಳಿದರೆ ಇನ್ನೊಂದಕ್ಕೆ 250. ಆದರೆ ಚಕ್ರ ಗಾಳಿಯಲ್ಲಿದ್ದರೆ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಚಿತ್ತಾಪುರ ತಾಲೂಕಿನ ನಮ್ಮ ತೊಗರಿ ಹೊಲದ ದಾರಿಯ ಕಾಲುವೆಯಲ್ಲಿ ಒಂದು ಹಿಂಚಕ್ರ ಎದ್ದು ನಿಂತಾಗ ಇದು ಕೈಚೆಲ್ಲಿತು. ಹ್ಯಾಂಡ್‌ಬ್ರೇಕ್ ಎರಡು ಹಲ್ಲು ಎಳೆದು ಎತ್ತಿದ ಚಕ್ರಕ್ಕೆ ಸ್ವಲ್ಪ ತಡೆ ಕೊಟ್ಟ ಮೇಲೆ ಕಾರು ಮೆಲ್ಲಗೆ ಹೊರಬಂತು.

ಅದೇ ಕಾಲುವೆಯನ್ನು ಕಾಕಾ ಅವರ ಜೀಪು ಕ್ಷಣದಲ್ಲಿ ದಾಟುತ್ತದೆ. ಅದರಲ್ಲಿರುವುದು ತಾನಾಗಿ ಬೀಗ ಬೀಳುವ ಮೆಕ್ಯಾನಿಕಲ್ ಲಾಕರ್. ಎರಡು ಹಿಂಚಕ್ರಗಳ ವೇಗದ ಅಂತರ ನಿಮಿಷಕ್ಕೆ ಸುಮಾರು 100 ಸುತ್ತು ಮುಟ್ಟಿದರೆ ಧಡ್ ಎಂದು ಬೀಗ ಬೀಳುತ್ತದೆ, ಎರಡೂ ಚಕ್ರ ಒಂದಾಗಿ ತಿರುಗುತ್ತವೆ. ಎರೆಹೊಲದಲ್ಲಿ ಅದಕ್ಕೆ ಸಾಟಿಯಿಲ್ಲ. ಡಾಂಬರಿನ ಮಾತು ಬೇರೆ. ಬೀಗ ಬಿದ್ದ ಆಕ್ಸಲ್ ತಿರುವಿನಲ್ಲಿ ಗಾಡಿಯನ್ನು ನೇರಕ್ಕೆ ತಳ್ಳುತ್ತದೆ. ಒದ್ದೆ ನೆಲದಲ್ಲಿ ಶಕ್ತಿ ಹೆಚ್ಚಾದರೆ ಎರಡೂ ಹಿಂಚಕ್ರ ಒಟ್ಟಿಗೇ ಹಿಡಿತ ಬಿಡುತ್ತವೆ, ಬಾಲ ಪಕ್ಕಕ್ಕೆ ಬೀಸುತ್ತದೆ. 252 ಅಶ್ವಶಕ್ತಿಯ ಕಾರಿಗೆ ಲಾಕರ್ ಹಾಕಿಸುವೆನೆಂದು ಯಾರಾದರೂ ಹೇಳಿದರೆ ಕೈ ಹಿಡಿದು ತಡೆಯುತ್ತೇನೆ.

ಟ್ರ್ಯಾಕ್‌ನಲ್ಲಿ ಓಡಿಸುವವರು, ವರ್ಷಕ್ಕೊಮ್ಮೆ ಪ್ಲೇಟು ಬಿಚ್ಚಿಸುವ ತಾಳ್ಮೆ ಮತ್ತು ಹಣ ಉಳ್ಳವರು ಪ್ಲೇಟಿನದನ್ನೇ ಆರಿಸಲಿ. ಬಿಗಿತವನ್ನು ಬೇಕಾದಂತೆ ಹೊಂದಿಸಿಕೊಳ್ಳಬಹುದು. ನಾನು ವಾರಕ್ಕೊಮ್ಮೆ ಹೈದರಾಬಾದಿಗೆ ಹೋಗುವವನು. ಹೊಲಕ್ಕೆ ತಿಂಗಳಿಗೆ ಎರಡು ಸಲ. ಆ ಎರಡು ದಿನ ಕಾಕಾ ಅವರ ಮನೆಗೆ ಹೋಗಿ ಜೀಪಿನ ಕೀಲಿ ಇಸಿದುಕೊಳ್ಳುತ್ತೇನೆ.