ಬೀರುವಿಗೆ ಲೈಟ್ ಹಾಕಿಸುವ ಮೊದಲು ನನ್ನ ಕಥೆ ಕೇಳಿ

ತುಮಕೂರಿನಲ್ಲಿ ಯಾರಾದರೂ ಮರದ ಸಾಮಾನಿಗೆ ಎಲ್‌ಇಡಿ ಲೈಟ್ ಹಾಕಿಸಬೇಕು ಅಂತ ಇದ್ದರೆ ದಯವಿಟ್ಟು ಇದನ್ನು ಓದಿ. ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಅತ್ತೆಯ ತವರಿನಿಂದ ಬಂದ ಬೀಟೆ ಮರದ ಬೀರು ಇದೆ. ಗಾಜಿನ ಬಾಗಿಲು, ಕಡು ಕಂದು ಬಣ್ಣ, ನಡುನಡುವೆ ಕಪ್ಪು ಗೆರೆ. ಟ್ಯೂಬ್‌ಲೈಟ್ ಕೆಳಗೆ ಅದು ಬರೀ ಕಪ್ಪಗೆ ಕಾಣುತ್ತಿತ್ತು. ಲೈಟ್ ಹಾಕಿಸೋಣ ಅಂದಿದ್ದು ನಾನೇ. ಬಿ.ಎಚ್. ರಸ್ತೆ ಕಡೆಯ ಒಬ್ಬ ಲೈಟಿಂಗ್ ಕೆಲಸದವರು ಅಂಗಡಿಯಲ್ಲಿ ಹಲಗೆ ಮೇಲೆ ಒಂದು ತುಂಡು ಸ್ಟ್ರಿಪ್ ಉರಿಸಿ ತೋರಿಸಿದರು. ಸಂಜೆ ಬಿಸಿಲು ಬಿದ್ದ ಹಾಗಿತ್ತು. "3000 ಕೆಲ್ವಿನ್ ಮೇಡಂ, ಸಿಆರ್‌ಐ 90. ಮರಕ್ಕೆ ಇದೇ ಬೇಕು" ಅಂದರು. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಕಮ್ಮಿ ಇದ್ದರೆ ಹಳದಿ, ಜಾಸ್ತಿ ಆದರೆ ಬಿಳಿ. ಸಿಆರ್‌ಐ ಅಂದರೆ ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸರಿಯಾಗಿ ಕಾಣುತ್ತವೆ ಅನ್ನೋದಕ್ಕೆ ನೂರಕ್ಕೆ ಕೊಡುವ ಅಂಕ. ಮಾತು ಸರಿಯಾದದ್ದೇ. ಅದೇ ನನ್ನನ್ನು ಕೆಡಿಸಿದ್ದು. ಒಟ್ಟು 14,000ಕ್ಕೆ ಮಾತಾಯಿತು, 10,000 ಅಡ್ವಾನ್ಸ್ ಕೊಟ್ಟೆ. ಬಿಲ್ ಕೇಳಲಿಲ್ಲ. ಬೈಯಿರಿ, ಪರವಾಗಿಲ್ಲ.

ನಾನು ಆಫೀಸಿನಲ್ಲಿದ್ದಾಗ ಹುಡುಗರು ಬಂದು ಹಾಕಿ ಹೋಗಿದ್ದರು. ಸಂಜೆ ಸ್ವಿಚ್ ಒತ್ತಿದೆ. ಬೆಳ್ಳಗೆ! ಬೀಟೆ ಮರಕ್ಕೆ ಬೂದಿ ಬಳಿದ ಹಾಗೆ. ಪಾಲಿಶ್ ಮೇಲೆ ಎಲ್‌ಇಡಿಯ ಒಂದೊಂದು ಚುಕ್ಕೆಯೂ ಸಾಲಾಗಿ ಕಾಣುತ್ತಿತ್ತು. ಅತ್ತೆ ಸ್ವಲ್ಪ ಹೊತ್ತು ನೋಡಿ, "ಮೆಡಿಕಲ್ ಶಾಪ್ ಥರ ಆಯ್ತಲ್ಲಮ್ಮ" ಅಂದರು.

ಫೋನ್ ಮಾಡಿದೆ. "ಹೊಸ ಲೈಟ್ ಅಲ್ವಾ ಮೇಡಂ, ಎರಡು ದಿನ ಉರೀಲಿ, ಬಣ್ಣ ಇಳಿಯುತ್ತೆ." ನಾನು ನಂಬಿದೆ. ನಂಬಿ ಎರಡು ದಿನ ಹಗಲೂ ರಾತ್ರಿ ಉರಿಸಿದೆ! ಎಲ್‌ಇಡಿ ಬಣ್ಣ ಹಾಗೆಲ್ಲ ಇಳಿಯುತ್ತಾ? ಮೂರನೇ ದಿನ ಕಸ ಗುಡಿಸುವಾಗ ಬೀರು ಹಿಂದೆ ಸ್ಟ್ರಿಪ್‌ನ ಖಾಲಿ ಕವರ್ ಸಿಕ್ಕಿತು. 6500 ಕೆ, ಅಂದರೆ ಕೆಲ್ವಿನ್. ನಮ್ಮ ಟ್ಯೂಬ್‌ಲೈಟಿನದೂ ಅದೇ 6500. ಸಿಆರ್‌ಐ ಅನ್ನೋ ಮಾತೇ ಇಲ್ಲ. ಕವರ್ ಹಿಡಿದು ಅಲ್ಲೇ ನೆಲದ ಮೇಲೆ ಕೂತೆ. ಎರಡು ದಿನ ಕಣ್ಣೆದುರೇ ಬೆಳ್ಳಗೆ ಉರಿಯುತ್ತಿತ್ತು, ನನಗೆ ಕವರ್ ಸಿಗಬೇಕಾಯಿತು.

ಕವರಿನ ಫೋಟೋ ಕಳಿಸಿದೆ. "ಅದು ಬೇರೆ ಸೈಟಿನ ಕವರ್" ಅಂತ ಉತ್ತರ. ಆಮೇಲೆ, "ನಿಮ್ಮ ಮರ ಹಳೇದು ಮೇಡಂ. ಪಾಲಿಶ್ ಮಾಡಿಸಿ, ನಮ್ಮ ಹುಡುಗ ಇದ್ದಾನೆ, 6,000 ಆಗುತ್ತೆ." ಮರ ಹಳೇದಂತೆ! ಕೊನೆಗೆ, "ವೈಟ್‌ನಲ್ಲೇ ರಿಚ್ ಆಗಿ ಕಾಣೋದು. ಬದಲಿಸಬೇಕು ಅಂದ್ರೆ ಬೇರೆ ಚಾರ್ಜ್."

ಲೈಟ್ ಹಾಳಾಗಿ ಹೋಗಲಿ. ಕ್ಲಿಪ್ ಕೂರಿಸಲು ಬೀರು ಒಳಗೆಲ್ಲ ಡ್ರಿಲ್ ಹೊಡೆದಿದ್ದಾರೆ. 22 ತೂತು. ಎಣಿಸಿದೆ. ಅತ್ತೆ ಇನ್ನೂ ನೋಡಿಲ್ಲ.

ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಹುಡುಗ ಒಂದು 2700 ಕೆಲ್ವಿನ್ ಬಲ್ಬ್ ತಂದು, ಟೇಬಲ್ ಲ್ಯಾಂಪಿಗೆ ಹಾಕಿ, ಬೀರು ಪಕ್ಕದಲ್ಲಿ ಓರೆಯಾಗಿ ಇಟ್ಟ. ಮರದ ಗೆರೆ ಎಲ್ಲಾ ಎದ್ದು ಬಂತು! ಅಗ್ಗದ ಎಲ್‌ಇಡಿಯಲ್ಲಿ ಕೆಂಪು ಕಮ್ಮಿ ಅಕ್ಕ, ಬೀಟೆ ಬಣ್ಣದಲ್ಲಿ ಇರೋದೇ ಕೆಂಪು, ಅದಕ್ಕೇ ಮಂಕು ಹೊಡೆಯೋದು ಅಂದ. ಬಲ್ಬಿಗೆ 150 ರೂಪಾಯಿ. ಹೊಟ್ಟೆ ಉರಿಯಿತು.

ಅಂಗಡಿಯ ಹಲಗೆ ಮೇಲೆ ನೋಡಿ ಮರುಳಾಗಬೇಡಿ. ಸ್ಟ್ರಿಪ್ ಮನೆಗೆ ತರಿಸಿ, ನಿಮ್ಮ ಮರದ ಮೇಲೇ ರಾತ್ರಿ ಉರಿಸಿ ನೋಡಿ. ಕವರ್ ನಿಮ್ಮೆದುರೇ ಒಡೆಯಲಿ. ಬಿಲ್ಲಿನಲ್ಲಿ ಕೆಲ್ವಿನ್ ಎಷ್ಟು ಅಂತ ಬರೆಸಿ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡೋಣ ಅಂದರೆ ನನ್ನ ಕೈಯಲ್ಲಿ ಬಿಲ್ಲೇ ಇಲ್ಲ.

ನಿನ್ನೆ ಮತ್ತೆ ಮೆಸೇಜ್ ಹಾಕಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಅವರ ವಾಟ್ಸಾಪ್ ಸ್ಟೇಟಸ್ ನೋಡಿದರೆ ನಮ್ಮ ಬೀರುವಿನ ಫೋಟೋ! ಅದೇನು ಫಿಲ್ಟರ್ ಹಾಕಿದ್ದಾರೋ, ಬಂಗಾರದ ಹಾಗೆ ಹೊಳೆಯುತ್ತಿದೆ. ಅದನ್ನು ನೋಡಿ ಕೆಲಸ ಕೊಡೋಣ ಅಂತ ಇದ್ದೀರಾ? ಆ ಬೀರು ನಮ್ಮ ಮನೇದು. ಮೊದಲು ಬಂದು ನೋಡಿ.