ಒಂದೂವರೆ ವರ್ಷ ಎಕ್ಸೊಸೂಟ್ ಹಾಕಿಕೊಂಡು ಕೆಲಸ ಮಾಡಿದ ನರ್ಸ್ ಹೇಳುವುದು

ನಾನು ಜರ್ಮನಿಯ ಡಾರ್ಟ್‌ಮುಂಡ್ ಹತ್ತಿರ ಒಂದು ವೃದ್ಧಾಶ್ರಮದಲ್ಲಿ ನರ್ಸ್. ಊರು ಪುತ್ತೂರು ಕಡೆ. ಹದಿನೆಂಟು ತಿಂಗಳಿಂದ ಬೆನ್ನಿಗೆ ಎಕ್ಸೊಸೂಟ್, ಅಂದರೆ ಬಗ್ಗಿ ಏಳುವಾಗ ಬೆನ್ನಿಗೆ ಆಸರೆ ಕೊಡುವ ಒಂದು ಉಡುಪು, ಹಾಕಿಕೊಂಡು ಕೆಲಸ ಮಾಡುತ್ತಿದ್ದೇನೆ. "ಅದು ಹಾಕಿದ್ರೆ ನೂರು ಕೆಜಿ ಎತ್ತಬಹುದಾ?" ಅಂತ ಊರಿನವರು ಫೋನಿನಲ್ಲಿ ಕೇಳುತ್ತಾರೆ. ಇಲ್ಲ. ಮೊದಲು ಎಷ್ಟು ಎತ್ತುತ್ತಿದ್ದೆನೋ ಈಗಲೂ ಅಷ್ಟೇ. ಆದರೆ ಮಧ್ಯಾಹ್ನ ಶಿಫ್ಟ್ ಮುಗಿಸಿ ಮನೆಗೆ ಬಂದ ಮೇಲೆ ನೆಲದಲ್ಲಿ ಕೂತು ಮಗಳ ಜೊತೆ ಆಡಲು ಆಗುತ್ತದೆ. ಮೊದಲು ಸೋಫಾದ ಮೇಲೆ ಒಂದು ಗಂಟೆ ಮಲಗದೆ ಏನೂ ಆಗುತ್ತಿರಲಿಲ್ಲ.

ಕಂಪನಿಯ ಹೆಸರು ಬರೆಯುವುದಿಲ್ಲ. ಈ ಬಗೆಯ ಸೂಟುಗಳನ್ನು ಹಲವರು ಮಾಡುತ್ತಾರೆ. ನಾನು ಹೇಳುವುದು ಹೆಚ್ಚುಕಡಿಮೆ ಎಲ್ಲಕ್ಕೂ ಹೊಂದುತ್ತದೆ.

ನನ್ನದರಲ್ಲಿ ಮೋಟಾರ್ ಇಲ್ಲ, ಬ್ಯಾಟರಿ ಇಲ್ಲ. ಶಾಲೆ ಮಕ್ಕಳ ಬ್ಯಾಗಿನ ಹಾಗೆ ಹೆಗಲಿಗೆ ಹಾಕುವ ಒಂದು ಜಾಕೆಟ್, ಎರಡು ತೊಡೆಗೆ ಸುತ್ತುವ ಪಟ್ಟಿ, ಇವೆರಡನ್ನು ಸೇರಿಸಿ ಬೆನ್ನ ಹಿಂದೆ ಇಳಿಯುವ ಎರಡು ದಪ್ಪ ಎಲಾಸ್ಟಿಕ್. ಒಟ್ಟು ತೂಕ ಒಂದೂವರೆ ಕೆಜಿ. ಎದೆಯ ಹತ್ತಿರ ಒಂದು ಕ್ಲಿಪ್ ಇದೆ. ಅದನ್ನು ಒತ್ತಿದರೆ ಎಲಾಸ್ಟಿಕ್ ಬಿಗಿಯಾಗುತ್ತದೆ, ಬಿಟ್ಟರೆ ಸಡಿಲ. ಬಗ್ಗಿದಾಗ ಎಲಾಸ್ಟಿಕ್ ಎಳೆಯುತ್ತದೆ, ಏಳುವಾಗ ಅದೇ ನಮ್ಮನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಮೊದಲ ದಿನ ಯಾರೋ ಹಿಂದಿನಿಂದ ಜಾಕೆಟ್ ಹಿಡಿದುಕೊಂಡ ಹಾಗೆ ಅನಿಸಿತು. ನಾಲ್ಕನೇ ದಿನ ಅದು ಗೊತ್ತಾಗುವುದು ನಿಂತುಹೋಯಿತು.

ಇಷ್ಟು ಸರಳ ವಸ್ತು ಹೇಗೆ ಕೆಲಸ ಮಾಡುತ್ತದೆ ಅಂತ ನನಗೂ ಅನುಮಾನ ಇತ್ತು. ಲೆಕ್ಕ ಹಾಕಿದ ಮೇಲೆ ಅರ್ಥವಾಯಿತು. ಬೆನ್ನಿನ ಸ್ನಾಯುಗಳು ಬೆನ್ನುಮೂಳೆಗೆ ತುಂಬ ಹತ್ತಿರ, ಸುಮಾರು 5 ಸೆಂ.ಮೀ. ಹಿಂದೆ ಇರುತ್ತವೆ. ಕೈ ಚಾಚಿ 50 ಸೆಂ.ಮೀ. ಮುಂದೆ 10 ಕೆಜಿ ಹಿಡಿದರೆ ಆ ಸ್ನಾಯು 100 ಕೆಜಿಯಷ್ಟು ಜೋರಿನಲ್ಲಿ ಎಳೆಯಬೇಕು. ಬಗ್ಗಿದ ನಮ್ಮ ತಲೆ, ಎದೆ, ತೋಳುಗಳ ಭಾರ ಇನ್ನೂ ಬೇರೆ. ಕೈಯಲ್ಲಿ ಏನೂ ಇಲ್ಲದಿದ್ದರೂ ಬಗ್ಗಿ ನಿಂತರೆ ಸೊಂಟ ನೋಯುವುದು ಅದಕ್ಕೇ. ಸೂಟಿನ ಎಲಾಸ್ಟಿಕ್ ಬೆನ್ನಿನ ಚರ್ಮದ ಹೊರಗೆ, ಮೂಳೆಯಿಂದ ಇನ್ನಷ್ಟು ದೂರದಲ್ಲಿ ಇದೆ. ಹಾಗಾಗಿ ಅದು ಕಡಿಮೆ ಜೋರಿನಲ್ಲಿ ಎಳೆದರೂ ಸಾಕು. ಸ್ನಾಯುವಿನ ಪಾಲಿನ ಕೆಲಸದಲ್ಲಿ ಸ್ವಲ್ಪ ತೊಡೆಗೂ ಹೆಗಲಿಗೂ ಹೋಗುತ್ತದೆ.

ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಕಾರ್ಲ್ ಝೆಲಿಕ್ ತಂಡ 2017ರಲ್ಲಿ ಇಂಥದ್ದೇ ಒಂದು ಉಡುಪು ತೋರಿಸಿತ್ತು. ಬಗ್ಗುವ, ಎತ್ತುವ ಕೆಲಸಗಳಲ್ಲಿ ಕೆಳಬೆನ್ನಿನ ಸ್ನಾಯುಗಳ ದುಡಿತ 15ರಿಂದ 45 ಶೇಕಡಾ ಇಳಿಯಿತು ಅಂತ ಅವರು ಹೇಳಿದರು. ಝೆಲಿಕ್‌ಗೆ ಈ ಯೋಚನೆ ಬಂದಿದ್ದು ತನ್ನ ಪುಟ್ಟ ಮಗನನ್ನು ಪದೇ ಪದೇ ಎತ್ತಿ ಬೆನ್ನು ನೋವು ಬಂದ ಮೇಲಂತೆ. ತಾಯಂದಿರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ, ಅಲ್ವಾ?

ಇನ್ನೊಂದು ಮಾತು. ಮೈಮೇಲೆ ಹಾಕಿಕೊಂಡರೆ ಓಡಾಟಕ್ಕೆ, ಕೆಲಸಕ್ಕೆ ನೆರವಾಗುವ ಇಂಥ ಸಾಧನಗಳಿಗೆಲ್ಲ ಎಕ್ಸೊಸ್ಕೆಲಿಟನ್ ಅನ್ನುತ್ತಾರೆ, ಆದರೆ ಅದು ಒಂದೇ ವಸ್ತು ಅಲ್ಲ. ನಮ್ಮ ಪಕ್ಕದ ಊರು ಬೋಖುಮ್‌ನ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ ನಡಿಗೆಯ ತರಬೇತಿ ಕೊಡಲು ಜಪಾನಿನ ಹ್ಯಾಲ್ ಎಂಬ ಯಂತ್ರ ಬಳಸಿದ್ದಾರೆ. ಸುಕುಬಾ ವಿಶ್ವವಿದ್ಯಾಲಯದ ಯೊಶಿಯುಕಿ ಸಂಕಾಯ್ ಮಾಡಿದ್ದು ಅದು. ಕಾಲು ಅಲ್ಲಾಡಿಸಬೇಕು ಅಂತ ಮನಸ್ಸು ಮಾಡಿದಾಗ ಚರ್ಮದ ಮೇಲೆ ಬರುವ ಸಣ್ಣ ವಿದ್ಯುತ್ ಸಂಕೇತವನ್ನು ಹಿಡಿದು ಅದರ ಮೋಟಾರ್ ಓಡುತ್ತದೆ. ಅದು ಚಿಕಿತ್ಸೆಯ ಯಂತ್ರ. ನನ್ನದು ಕೆಲಸದ ಬಟ್ಟೆ.

ಮೋಟಾರ್ ಇರುವ ಬೆನ್ನಿನ ಯಂತ್ರವನ್ನೂ ಮೂರು ವಾರ ಬಳಸಿ ನೋಡಿದ್ದೇನೆ. ನಮ್ಮ ಆಶ್ರಮಕ್ಕೆ ಪರೀಕ್ಷೆಗೆ ಅಂತ ಎರಡು ಬಂದಿದ್ದವು. ಎತ್ತುವಾಗ ಅದರ ಸಹಾಯ ನನ್ನ ಎಲಾಸ್ಟಿಕ್‌ಗಿಂತ ತುಂಬ ಜಾಸ್ತಿ. ಒಂದೇ ಬಗೆಯ ಪೆಟ್ಟಿಗೆ ದಿನವಿಡೀ ಎತ್ತುವ ಗೋದಾಮಿನವರಿಗೆ ಅದು ಸರಿ. ನಮ್ಮಲ್ಲಿ ಆಗಲಿಲ್ಲ. ಏಳು ಕೆಜಿ ಹತ್ತಿರ ತೂಕ. ಮಂಚದ ಕಂಬಿಗೆ ತಾಗುತ್ತದೆ, ಬಾತ್‌ರೂಮಿನಲ್ಲಿ ತಿರುಗಲು ಜಾಗ ಸಾಲದು. ಎಲ್ಲಕ್ಕಿಂತ ಹೆಚ್ಚಾಗಿ, ಮರೆವಿನ ಕಾಯಿಲೆ ಇರುವ ಒಬ್ಬ ಅಜ್ಜಿ ಮೋಟಾರಿನ ಸದ್ದಿಗೆ ಹೆದರಿ ನನ್ನ ಕೈ ಬಿಡಿಸಿಕೊಂಡರು. ನಾವು ಹಿಡಿಯುವುದು ಪೆಟ್ಟಿಗೆಯನ್ನಲ್ಲ. ನಾವು ಯಾರನ್ನು ಹಿಡಿಯುತ್ತೇವೋ ಅವರ ಮೈ ಸಡಿಲ ಆಗಬೇಕು, ಅವರು ನಮ್ಮನ್ನು ನಂಬಬೇಕು. ಬಟ್ಟೆಯ ಸೂಟಿಗೆ ಅದೇ ಅಜ್ಜಿ "ಚೆಂದದ ಬ್ಯಾಗು" ಅಂದರು.

ನನ್ನ ಬೆಳಗಿನ ಶಿಫ್ಟ್ ಆರು ಗಂಟೆಗೆ ಶುರು. ಒಂದು ದಿನ ಎಷ್ಟು ಸಲ ಬಗ್ಗುತ್ತೇನೆ ಅಂತ ಎಣಿಸಲು ಹೊರಟೆ. 200 ದಾಟಿದ ಮೇಲೆ ಬಿಟ್ಟುಬಿಟ್ಟೆ, ಆಗಿನ್ನೂ ಊಟದ ಹೊತ್ತಾಗಿರಲಿಲ್ಲ. ಅದರಲ್ಲಿ ಭಾರ ಎತ್ತಲು ಬಗ್ಗಿದ್ದು ಬೆರಳೆಣಿಕೆ ಸಲ. ಉಳಿದದ್ದೆಲ್ಲ ಶೂ ಹಾಕುವುದು, ಗಾಲಿಕುರ್ಚಿಯ ಕಾಲುಪಟ್ಟಿ ಮಡಚುವುದು, ಸ್ನಾನದ ಕುರ್ಚಿಯಲ್ಲಿ ಕೂತವರ ಪಾದ ತೊಳೆಯುವುದು, ಬೆರಳ ಸಂದಿ ಒರೆಸುವುದು. ಸೊಂಟ ಮುರಿಯುವುದು ಇವೇ. ಸೂಟು ನಿಜವಾಗಿ ದುಡಿಯುವುದೂ ಇಲ್ಲೇ. ಪಾದ ತೊಳೆಯುವಾಗ ಅರ್ಧ ಬಗ್ಗಿ ಎರಡು ಮೂರು ನಿಮಿಷ ನಿಲ್ಲಬೇಕು. ಎಲಾಸ್ಟಿಕ್ ಮೇಲೆ ಒರಗಿದ ಹಾಗೆ ನಿಲ್ಲಬಹುದು. ಆತುರ ಇಲ್ಲದೆ ತೊಳೆಯುತ್ತೇನೆ. ಅದು ಅವರಿಗೂ ಗೊತ್ತಾಗುತ್ತದೆ.

ಮನುಷ್ಯರನ್ನು ಎತ್ತಲು ಮಾತ್ರ ಇದನ್ನು ನಂಬಬೇಡಿ. ಕೆಲಸಗಾರರ ಸುರಕ್ಷತೆಯ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯಾಶ್ (NIOSH) ಸಂಸ್ಥೆಯ ಲೆಕ್ಕಾಚಾರದಿಂದ ಬಂದ ಮಿತಿ, ರೋಗಿಯನ್ನು ಕೈಯಿಂದ ಎತ್ತುವುದಾದರೆ ಸುಮಾರು 16 ಕೆಜಿ. ದಪ್ಪ ಮೈಯವರ ಒಂದು ಕಾಲೇ ಅದರ ಹತ್ತಿರಕ್ಕೆ ಬರುತ್ತದೆ. ಅದಕ್ಕಿಂತ ಮೇಲಾದರೆ ಲಿಫ್ಟರ್ ಯಂತ್ರ ತರಬೇಕು, ಇಲ್ಲವೇ ಇನ್ನೊಬ್ಬರನ್ನು ಕರೆಯಬೇಕು. ಜರ್ಮನಿಯಲ್ಲಿ ಇದಕ್ಕೆ ಟಿ-ಓ-ಪಿ ಅನ್ನುತ್ತಾರೆ. ಮೊದಲು ಸಲಕರಣೆ, ಆಮೇಲೆ ಕೆಲಸದ ಏರ್ಪಾಡು, ಕೊನೆಗೆ ಮೈಮೇಲೆ ಹಾಕುವ ವಸ್ತು. ಸೂಟಿನ ಸ್ಥಾನ ಆ ಕೊನೆಯದು. ಸೂಟು ಬಂತು ಅಂತ ಆಡಳಿತದವರು ಕೆಲಸದವರನ್ನು ಕಡಿಮೆ ಮಾಡಲು ಹೊರಟರೆ ಅದನ್ನು ಬಿಚ್ಚಿ ಮೇಜಿನ ಮೇಲೆ ಇಡಬೇಕು ಅಂತಲೇ ನನ್ನ ಅಭಿಪ್ರಾಯ.

ಇನ್ನು ತೊಂದರೆಗಳು. ಜುಲೈಯಲ್ಲಿ ಬೆನ್ನು ಪೂರ್ತಿ ಒದ್ದೆ. ಇಲ್ಲಿನ ಹಳೆ ಕಟ್ಟಡಗಳಲ್ಲಿ ಎಸಿ ಇರುವುದಿಲ್ಲ. ಎರಡನೇ ತಿಂಗಳು ಒಳತೊಡೆಯಲ್ಲಿ ಪಟ್ಟಿ ಉಜ್ಜಿ ಗುಳ್ಳೆ ಎದ್ದಿತು, ಒಂದು ಸೈಜ್ ದೊಡ್ಡದು ತರಿಸಿದ ಮೇಲೆ ನಿಂತಿತು. ಕ್ಲಿಪ್ ಬಿಡಲು ಮರೆತು ಕೂತರೆ ಹೆಗಲು ಎಳೆಯುತ್ತದೆ. ಹತ್ತನೇ ತಿಂಗಳ ಹೊತ್ತಿಗೆ ಎಡಗಡೆ ಎಲಾಸ್ಟಿಕ್ ಸಡಿಲವಾಯಿತು. ನೋಡಿದರೆ ಗೊತ್ತಾಗುತ್ತಿರಲಿಲ್ಲ, ಸಂಜೆ ಸೊಂಟದ ಎಡಭಾಗ ಮಾತ್ರ ನೋಯತೊಡಗಿದಾಗ ಗೊತ್ತಾಯಿತು. ಹೊಸದು ಬರಲು ಐದು ವಾರ ಬೇಕಾಯಿತು. ಕೊಳ್ಳುವಾಗಲೇ ಒಂದು ಜೊತೆ ಜಾಸ್ತಿ ತೆಗೆದಿಟ್ಟುಕೊಳ್ಳಿ. ಒಗೆಯುವುದೂ ಒಂದು ಕೆಲಸ. ನಮ್ಮ ಕೆಲಸದಲ್ಲಿ ಸೋಂಕಿನ ಭಯ ಇರುವುದರಿಂದ ಮೇಲೆ ಏಪ್ರನ್ ಹಾಕುತ್ತೇನೆ, ಆದರೂ ಎರಡು ದಿನಕ್ಕೊಮ್ಮೆ ಒಗೆಯಲೇಬೇಕು. ಒಂದೇ ಸೂಟನ್ನು ಇಬ್ಬರು ಹಂಚಿಕೊಳ್ಳುವುದು ಬೇಡವೇ ಬೇಡ.

ಹೆಂಗಸರಿಗೆ ಒಂದು ವಿಷಯ. ಎದೆಗೆ ಗಟ್ಟಿ ಪ್ಯಾಡ್ ಒತ್ತುವ ಮಾದರಿಗಳಿವೆ. ಗಂಡಸರ ಮೈ ಅಳತೆ ನೋಡಿ ಮಾಡಿದ ಹಾಗೆ ಇರುತ್ತವೆ. ಹಾಕಿ, ಹತ್ತು ಸಲ ಬಗ್ಗಿ, ಆಮೇಲೆ ತೀರ್ಮಾನ ಮಾಡಿ.

ಬೆನ್ನು ದುರ್ಬಲ ಆಗುತ್ತದಾ ಅಂತ ನನಗೂ ಹೆದರಿಕೆ ಇತ್ತು. ಅದಕ್ಕೇ ದಿನವೂ ಇಪ್ಪತ್ತು ನಿಮಿಷ ವ್ಯಾಯಾಮ ಬಿಟ್ಟಿಲ್ಲ, ವಾರದ ರಜೆಯ ದಿನ ಸೂಟು ಮುಟ್ಟುವುದಿಲ್ಲ. ನನಗೆ ಈ ತನಕ ಅಂಥ ತೊಂದರೆ ಕಂಡಿಲ್ಲ. ಈಗಾಗಲೇ ಡಿಸ್ಕ್ ತೊಂದರೆ ಇರುವವರು ಸುಮ್ನೆ ತರಿಸಿ ಹಾಕಿಕೊಳ್ಳಬೇಡಿ, ಡಾಕ್ಟರ್ ಹತ್ತಿರ ಕೇಳಿ. ನನ್ನದಕ್ಕೆ ಸಾವಿರ ಯೂರೋ ಮೀರಿತು, ಆಶ್ರಮದವರೇ ಕೊಟ್ಟರು. ಸ್ವಂತ ದುಡ್ಡಾಗಿದ್ದರೆ ಮೊದಲು ತಿಂಗಳ ಬಾಡಿಗೆಗೆ ಸಿಗುತ್ತದಾ ಅಂತ ವಿಚಾರಿಸುತ್ತಿದ್ದೆ.

ಕಳೆದ ಮೇ ತಿಂಗಳಲ್ಲಿ ರಜೆಗೆ ಊರಿಗೆ ಹೋದಾಗ ಸೂಟನ್ನೂ ತೆಗೆದುಕೊಂಡು ಹೋದೆ. ಅಪ್ಪ ಸ್ಟ್ರೋಕ್ ಆಗಿ ಹಾಸಿಗೆ ಹಿಡಿದಿದ್ದರು. ಅವರ ಮಂಚ ಮೊಣಕಾಲಿನಷ್ಟೇ ಎತ್ತರ. ಇಲ್ಲಿ ಬಟನ್ ಒತ್ತಿದರೆ ಮಂಚ ಸೊಂಟದವರೆಗೆ ಏಳುತ್ತದೆ, ಅಲ್ಲಿ ನಾವೇ ಮಂಚದವರೆಗೆ ಇಳಿಯಬೇಕು. ಹದಿನೆಂಟು ತಿಂಗಳಲ್ಲಿ ಸೂಟು ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಮೂರು ವಾರ. ಅತಿ ಹೆಚ್ಚು ಸೆಕೆ ಆದದ್ದೂ ಆಗಲೇ. ಅರ್ಧ ಗಂಟೆಗೆ ಜಾಕೆಟ್ ಹಿಂಡಿದರೆ ನೀರು ಬರುತ್ತಿತ್ತು.

ಅಮ್ಮ ಎರಡು ದಿನ ನೋಡಿದರು. ಅವರು ಹರೆಯದಲ್ಲಿ ಗುಡ್ಡೆಯಿಂದ ಸೊಪ್ಪಿನ ಹೊರೆ ಹೊತ್ತವರು. ಸೂಟನ್ನು ಕೈಯಲ್ಲಿ ಹಿಡಿದು ಎಲಾಸ್ಟಿಕ್ ಎಳೆದು ನೋಡಿ, "ಇದು ಸಿಂಬೆ ಇದ್ದ ಹಾಗೆ. ಹೊರೆ ಅಷ್ಟೇ ಇರುತ್ತದೆ, ಹೊರಲಿಕ್ಕೆ ಆಗುತ್ತದೆ" ಅಂದರು. ಇದಕ್ಕಿಂತ ಸರಿಯಾಗಿ ನನಗೆ ಯಾರೂ ಹೇಳಿಲ್ಲ. ಅವರಿಗೂ ಹಾಕೋಣ ಅಂತ ಹೊರಟೆ. ಸೀರೆಯ ಮೇಲೆ ತೊಡೆಪಟ್ಟಿ ನಿಲ್ಲಲಿಲ್ಲ. ನೈಟಿಯ ಮೇಲೂ ಇಲ್ಲ. ಪ್ಯಾಂಟ್ ಹಾಕುವವರಿಗಾಗಿ ಹೊಲಿದ ವಸ್ತು ಅದು. ನಮ್ಮೂರಲ್ಲಿ ಮನೆಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ಸೀರೆ ಉಟ್ಟ, ಅರುವತ್ತು ದಾಟಿದ ಹೆಂಗಸರೇ. ಅವರ ಸೊಂಟಕ್ಕೆ ಆಗುವಂಥದ್ದನ್ನು ಯಾರಾದರೂ ಮಾಡಲಿ ಅಂತ ನನ್ನ ದೊಡ್ಡ ಆಸೆ.

ನಾನು ಹೊರಡುವ ಮುಂಚೆ ನನ್ನ ತಮ್ಮ ಅಪ್ಪನ ಮಂಚದ ನಾಲ್ಕು ಕಾಲಿನಡಿಗೆ ಹಲಸಿನ ಮರದ ತುಂಡು ಇಟ್ಟು, ಕಾಲು ಜಾರದ ಹಾಗೆ ಗುಂಡಿ ಕೊರೆದು ಕೂರಿಸಿದ. ಇಲ್ಲಿಂದ ಒಯ್ದಿದ್ದ ಜಾರುಹಾಸನ್ನು ಅಪ್ಪನ ಕೆಳಗೆ ಹಾಕಿ, ಎತ್ತದೆ ಎಳೆದು ಮಗ್ಗುಲು ಬದಲಿಸುವುದನ್ನು ಅಮ್ಮನಿಗೆ ಕಲಿಸಿ ಬಂದೆ. ಜೂನ್‌ನಲ್ಲಿ ಅಮ್ಮ ಫೋನ್ ಮಾಡಿದರು. ಇನ್ನೂ ಎರಡು ಇಂಚು ಎತ್ತರ ಬೇಕಂತೆ.