ಗೋಣಿ ತೂಕ ಸೊನ್ನೆ ಕೊಟ್ಟರೆ ಪಿಟೆಸ್ಟ್ ಬಿಡುವುದಿಲ್ಲ

ಬಳಕೆ: ಎರಡು ಮಳೆಗಾಲ. ಕೆಲಸ: ಬದಿಯಡ್ಕ ಕಡೆಯ ಅಡಿಕೆ ಖರೀದಿ ಲೆಕ್ಕದ ಜಾವಾ ಕೋಡು. ಖರ್ಚು: ಏನೂ ಇಲ್ಲ, ಪಿಟೆಸ್ಟ್ (ಕೋಡನ್ನು ಬೇಕೆಂದೇ ಚೂರು ಕೆಡಿಸಿ, ಟೆಸ್ಟುಗಳು ಅದನ್ನು ಹಿಡಿಯುತ್ತವೆಯೇ ಎಂದು ನೋಡುವ ಸಾಧನ) ಮತ್ತು ಎವೊಸೂಟ್ (ಟೆಸ್ಟುಗಳನ್ನು ತಾನೇ ಬರೆಯುವ ಸಾಧನ) ಎರಡೂ ಪುಕ್ಕಟೆ.

ಲೈನ್ ಕವರೇಜು (ಟೆಸ್ಟುಗಳು ಓಡಿಸಿ ನೋಡಿದ ಸಾಲುಗಳ ಪಾಲು) ನೂರಕ್ಕೆ ನೂರು ಇದ್ದ ಕ್ಲಾಸಿನಲ್ಲೇ ಪಿಟೆಸ್ಟ್ ಕೆಂಪು ತೋರಿಸಿತು. ಸಾಲು ಇಷ್ಟೇ: ಒಟ್ಟು ತೂಕದಿಂದ ಗೋಣಿಯ ತೂಕ ಕಳೆಯುವುದು. ಪಿಟೆಸ್ಟ್ ಆ ಮೈನಸ್ಸನ್ನು ಪ್ಲಸ್ ಮಾಡಿ ಟೆಸ್ಟು ಓಡಿಸಿತು, ಒಂದೂ ಬೀಳಲಿಲ್ಲ. ನೋಡಿದರೆ ಟೆಸ್ಟಿನಲ್ಲಿ ಗೋಣಿ ತೂಕ 0! ಕೂಡಿದರೂ ಕಳೆದರೂ ಅದೇ ಉತ್ತರ. 65 ಕೆಜಿಗೆ ಗೋಣಿ 0.8 ಎಂದು ಹಾಕಿದ ಮೇಲೆ 64.2 ಬರಬೇಕಾದಲ್ಲಿ 65.8 ಬಂತು, ಟೆಸ್ಟು ಬಿತ್ತು, ಮ್ಯುಟೆಂಟ್ (ಹಾಗೆ ಕೆಡಿಸಿದ ಕೋಡು) ಸತ್ತಿತು. ಈ ಒಂದು ಸಾಲಿಗೇ ಇನ್‌ಸ್ಟಾಲ್ ಮಾಡಿದ ಶ್ರಮ ಸಾರ್ಥಕ.

ಟೆಸ್ಟು ಓಡಿಸಲು ಜೆಯುನಿಟ್ 5 ಎಂಬ ಜಾವಾ ಲೈಬ್ರರಿ ಇದ್ದರೆ ಅದರ ಪ್ಲಗಿನ್ ಬೇರೆ ಸೇರಿಸಬೇಕು, ಇಲ್ಲದಿದ್ದರೆ ಟೆಸ್ಟುಗಳೇ ಅದರ ಕಣ್ಣಿಗೆ ಬೀಳುವುದಿಲ್ಲ. ಸಂಜೆ ಚಹಾಕ್ಕೆ ಏಳುವಾಗ, ಆ ದಿನ ಮುಟ್ಟಿದ ಪ್ಯಾಕೇಜನ್ನಷ್ಟೇ ಹೆಸರಿಸಿ, ಥ್ರೆಡ್ (ಏಕಕಾಲಕ್ಕೆ ಓಡುವ ಕೆಲಸದ ಎಳೆ) 1ರಿಂದ 4ಕ್ಕೆ ಏರಿಸಿ ಬಿಟ್ಟರೆ ಸಾಕು. ಹಿಸ್ಟರಿ ಆನ್ ಮಾಡಿದರೆ ಬದಲಾಗದ ಕೋಡನ್ನು ಮತ್ತೆ ಅರೆಯುವುದಿಲ್ಲ. ಆದರೆ ಆ ಹಿಸ್ಟರಿ ಫೈಲು ಇರುವುದು ಟೆಂಪ್ ಫೋಲ್ಡರಿನಲ್ಲಿ. ಆಟಿಯ ಮಳೆಗೆ ಕರೆಂಟು ಹೋಗಿ ಯಂತ್ರ ಮತ್ತೆ ಶುರುವಾದರೆ ಹಲವು ಲಿನಕ್ಸ್‌ಗಳಲ್ಲಿ ಟೆಂಪ್ ಖಾಲಿ, ಕೆಲಸ ಮೊದಲಿಂದ. ಹಿಸ್ಟರಿ ಇನ್‌ಪುಟ್, ಔಟ್‌ಪುಟ್ ಎರಡಕ್ಕೂ ಬೇರೆ ಫೋಲ್ಡರ್ ಕೊಡಿ. ಟಾರ್ಗೆಟ್ ಫೋಲ್ಡರ್ ಬೇಡ, ಮೇವನ್ (ಜಾವಾ ಕೋಡನ್ನು ಕಟ್ಟುವ ಸಾಧನ) ಕ್ಲೀನ್ ಅದನ್ನೂ ಗುಡಿಸುತ್ತದೆ.

ತಲೆನೋವೂ ಉಂಟು. ಅತಿ ಹೆಚ್ಚಿನ ಧಾರಣೆ ಹುಡುಕುವ ಲೂಪಿನಲ್ಲಿ ‘ದೊಡ್ಡದು’ ಎಂಬುದನ್ನು ‘ದೊಡ್ಡದು ಅಥವಾ ಸಮ’ ಮಾಡಿದರೆ ಉತ್ತರ ಬದಲಾಗುವುದೇ ಇಲ್ಲ. ಅಂಥ ಮ್ಯುಟೆಂಟನ್ನು ಯಾವ ಟೆಸ್ಟೂ ಕೊಲ್ಲಲಾರದು. ಎಲ್ಲ ಮ್ಯುಟೆಂಟೂ ಸತ್ತ ನೂರು ಶೇಕಡಾ ಸ್ಕೋರಿನ ಹಿಂದೆ ಬಿದ್ದರೆ ದಿನ ಹಾಳು.

ಎವೊಸೂಟ್ ವಿಷಯದಲ್ಲಿ ಮಾತ್ರ ಉತ್ಸಾಹ ಇಳಿಯಿತು. ಟೆಸ್ಟುಗಳ ಗುಂಪನ್ನು ಅಡ್ಡತಳಿ ಮಾಡಿ, ಅಲ್ಲಲ್ಲಿ ತಿದ್ದಿ, ಒಳ್ಳೆಯವನ್ನು ಉಳಿಸಿಕೊಳ್ಳುತ್ತ ಹೋಗುವ ಹುಡುಕಾಟ ಅದರದು. ಕ್ಲಾಸಿಗೆ 60 ಸೆಕೆಂಡು. ಒಟ್ಟು ತೂಕಕ್ಕಿಂತ ಗೋಣಿಯೇ ಭಾರವಾದ ಇನ್‌ಪುಟ್ಟನ್ನು ಅದೇ ಹುಡುಕಿಕೊಟ್ಟಿತು, ಭೇಷ್. ಆಮೇಲೆ ಮಾಡಿದ್ದೇನು? ಬಂದ ಮೈನಸ್ ತೂಕವೇ ಸರಿ ಎಂದು ಅಸರ್ಟ್ (ಉತ್ತರ ಇದೇ ಇರಬೇಕು ಎನ್ನುವ ಟೆಸ್ಟಿನ ಸಾಲು) ಬರೆದಿಟ್ಟಿತು. ಕೋಡು ಈಗ ಏನು ಮಾಡುತ್ತದೋ ಅದೇ ಅದಕ್ಕೆ ಪ್ರಮಾಣ. ಪಿಟೆಸ್ಟ್ ಕೂಡ ಆ ಟೆಸ್ಟಿಗೆ ಅಂಕ ಕೊಡುತ್ತದೆ! ಹಾಗಾಗಿ ಇನ್‌ಪುಟ್ ಮಾತ್ರ ಇಟ್ಟುಕೊಂಡು, ಬರಬೇಕಾದ ಉತ್ತರವನ್ನು ಕೈಲೆಕ್ಕ ಹಾಕಿ ಬರೆಯುವುದೇ ದಾರಿ. ಹುಡುಕಾಟದ ಅದೃಷ್ಟದಾಟ ಶುರುವಾಗುವ ಸೀಡ್ ಸಂಖ್ಯೆಯನ್ನೂ ಬರೆದಿಡಿ, ಇಲ್ಲವಾದರೆ ನಾಳೆ ಬೇರೆಯೇ ಟೆಸ್ಟು ಹುಟ್ಟುತ್ತದೆ.

ಪಿಟೆಸ್ಟ್‌ಗೆ 5ಕ್ಕೆ 4. ಎವೊಸೂಟ್‌ಗೆ ಎರಡೂವರೆ, ಅದೂ ಆ ಗೋಣಿಯ ದೆಸೆಯಿಂದ.